ಸ್ಲೈಡಲ್ಲಿ ಮಲೇರಿಯಾ ಪ್ಯಾರಾಸೈಟ್ ಇಲ್ಲ, ಮಾನೊಸೈಟಲ್ಲಿ (ಒಂದು ಬಗೆಯ ಬಿಳಿ ರಕ್ತಕಣ) ಕಂದು ಕಣ ಇದೆ. ರಿಪೋರ್ಟಲ್ಲಿ ಎಂತ ಬರೆಯೋದು?

ತುಂಗಾ_ಸ್ಲೈಡ್ (ತೀರ್ಥಹಳ್ಳಿ ಕಡೆ)
ಲ್ಯಾಬಿನವರು, ಡಾಕ್ಟ್ರು ಯಾರಾದ್ರೂ ಇದ್ರೆ ಸ್ವಲ್ಪ ನೋಡಿ ಹೇಳಿ.

ರೋಗಿ ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿ ಊರಿಗೆ ವಾಪಸ್ ಬಂದವರು. ಚಳಿಜ್ವರ ಶುರುವಾಗಿ ಹನ್ನೊಂದು ದಿನ. ಅಲ್ಲೇ ಎಲ್ಲೋ ಮೂರು ದಿನದ ಮಾತ್ರೆ ಕೊಟ್ಟಿದ್ದಾರೆ, ಒಂದೇ ದಿನ ತಿಂದು ಬಿಟ್ಟಿದ್ದಾರೆ. ಮಾತ್ರೆ ಹೆಸರು ಗೊತ್ತಿಲ್ಲ, ಚೀಟಿಯೂ ಇಲ್ಲ. ಈಗ ಜ್ವರ ಕಮ್ಮಿ, ಸುಸ್ತು ಜಾಸ್ತಿ, ಹಿಮೋಗ್ಲೋಬಿನ್ 9.1.

ಆರ್‌ಡಿ ಕಿಟ್ಟಲ್ಲಿ (ಮಲೇರಿಯಾದ ದಿಢೀರ್ ಪರೀಕ್ಷೆ) ಪಿಎಫ್ (ಫಾಲ್ಸಿಪಾರಂ ಜಾತಿ) ಗೆರೆ ಮಸುಕಾಗಿ ಬಂದಿದೆ, ಪ್ಯಾನ್ (ಎಲ್ಲ ಜಾತಿ) ಗೆರೆ ಇಲ್ಲ. ದಪ್ಪ ಲೇಪದಲ್ಲಿ 200 ಫೀಲ್ಡ್ ನೋಡಿದ್ರೂ ಒಂದು ರಿಂಗೂ (ಪ್ಯಾರಾಸೈಟಿನ ಎಳೆಯ ಹಂತ) ಇಲ್ಲ. ಆದ್ರೆ ತೆಳು ಲೇಪದ ಬಾಲದ ಕಡೆ 40 ಮಾನೊಸೈಟಲ್ಲಿ 3ರ ಒಳಗೆ ಕಂದು-ಕಪ್ಪು ಕಣ ಇದೆ. 100 ನ್ಯೂಟ್ರೋಫಿಲ್ (ಇನ್ನೊಂದು ಬಗೆಯ ಬಿಳಿ ಕಣ) ಎಣಿಸಿದ್ರೆ 1ರಲ್ಲಿ. ಇದು ಹೀಮೊಜೋಯಿನ್ನೋ (ಪ್ಯಾರಾಸೈಟ್ ಬಿಡುವ ಮಲೇರಿಯಾ ಪಿಗ್ಮೆಂಟ್), ಬಣ್ಣದ ಕಸವೋ? ಹೀಮೊಜೋಯಿನ್ನೇ ಆದ್ರೆ ನೆಗೆಟಿವ್ ಅಂತ ಬರೆಯೋದಾ, ಪಾಸಿಟಿವ್ ಅಂತಲಾ?

ಮಸೂರ
ಮೊದಲು ಫೈನ್ ಫೋಕಸ್ ತಿರುಗಿಸಿ. ಬಣ್ಣದ ಕಸ ಜೀವಕೋಶದ ಮೇಲೆ ಕೂತಿರ್ತದೆ, ಮಾನೊಸೈಟಿನ ನ್ಯೂಕ್ಲಿಯಸ್ ಸ್ಪಷ್ಟ ಆಗುವ ಮಟ್ಟಕ್ಕೂ ಅದಕ್ಕೂ ಫೋಕಸ್ ಬೇರೆ. ಹೀಮೊಜೋಯಿನ್ ಕೋಶದ ಒಳಗೇ ಇರೋದ್ರಿಂದ ನ್ಯೂಕ್ಲಿಯಸ್ ಜೊತೆಗೇ ಸ್ಪಷ್ಟ ಆಗ್ತದೆ.

ಎರಡನೆಯದು, ಕೋಶ ಇಲ್ಲದ ಖಾಲಿ ಜಾಗ ನೋಡಿ. ಅಲ್ಲೂ ಅದೇ ಕಣ ಚೆಲ್ಲಿದ್ರೆ ಕಸ. ಬಿಳಿ ರಕ್ತಕಣದ ಒಳಗೆ ಮಾತ್ರ ಇದ್ರೆ ನಂಬಬಹುದು.

ಚೊಗರು
ಬಣ್ಣ ಹೇಗಿದೆ? ಜಿಮ್ಸಾ (ಲೇಪಕ್ಕೆ ಹಾಕುವ ಬಣ್ಣ) ಕಸ ನೇರಳೆ ಕಡೆಗೆ ವಾಲುವ ಕಪ್ಪು. ಹೀಮೊಜೋಯಿನ್ನಿಗೆ ಯಾವ ಬಣ್ಣವನ್ನೂ ಹಾಕೋದು ಬೇಡ, ಅದರದ್ದೇ ಬಣ್ಣ ಇದೆ. ಚಿಕ್ಕ ಕಣ ಆದ್ರೆ ಹೊಂಬಣ್ಣ, ಗುಂಪು ಕಟ್ಟಿದ್ರೆ ಗಟ್ಟಿ ಚೊಗರಿನ (ಅಡಿಕೆ ಬೇಯಿಸಿದ ನೀರಿನ) ಬಣ್ಣ. ಅಡಿಕೆ ಬೇಯಿಸಿದವರಿಗೆ ಬೇರೆ ವಿವರಣೆ ಬೇಡ.

ತುಂಗಾ_ಸ್ಲೈಡ್
ನ್ಯೂಕ್ಲಿಯಸ್ ಜೊತೆಗೇ ಫೋಕಸ್ ಆಗ್ತದೆ. ಖಾಲಿ ಜಾಗದಲ್ಲಿ ಇಲ್ಲ. ಬಣ್ಣ ಚೊಗರೇ, ನೇರಳೆ ಅಲ್ಲ.

ಅಡಿಕೆಮರ
ಹಾಗಾದ್ರೂ ನೆಗೆಟಿವ್ವೇ ಮಾರಾಯ್ರೇ. ಪಿಗ್ಮೆಂಟ್ ಅಂದ್ರೆ ಪ್ಯಾರಾಸೈಟ್ ತಿಂದು ಬಿಟ್ಟ ಕಸ. ಎಂಜಲೆಲೆ ಕಂಡ ಮಾತ್ರಕ್ಕೆ ಊಟಕ್ಕೆ ಬಂದವರು ಇನ್ನೂ ಪಂಕ್ತೀಲಿ ಕೂತಿದ್ದಾರೆ ಅಂತ ಬರೆಯೋಕಾಗ್ತದಾ?

ಪ್ಯಾಥ್_ಶಿಮೊಗ್ಗ
ಪಂಕ್ತೀಲಿ ಇಲ್ಲ ಅಂತ ಬರೀಬಹುದು, ಊಟವೇ ಆಗಿಲ್ಲ ಅಂತ ಬರೆಯೋಕಾಗಲ್ಲ. ಬರೀ "ನೆಗೆಟಿವ್" ಅಂದ್ರೆ ಓದುವವರಿಗೆ ಎರಡನೆಯದೇ ಅರ್ಥ ಆಗೋದು. ಹೀಗೆ ಬರೆಯಿರಿ:

"ಈ ಲೇಪದಲ್ಲಿ ಮಲೇರಿಯಾ ಪರಾವಲಂಬಿ ಕಂಡಿಲ್ಲ (ದಪ್ಪ ಲೇಪ, 200 ಫೀಲ್ಡ್). ಮಾನೊಸೈಟ್ 3/40, ನ್ಯೂಟ್ರೋಫಿಲ್ 1/100ರಲ್ಲಿ ಮಲೇರಿಯಾ ವರ್ಣಕ ಇದೆ. ಇತ್ತೀಚಿನ ಅಥವಾ ಅರೆಬರೆ ಚಿಕಿತ್ಸೆಯಾದ ಸೋಂಕಿನ ಸಾಧ್ಯತೆ. 12ರಿಂದ 24 ಗಂಟೆಯೊಳಗೆ ಮರುಲೇಪ ಮಾಡುವುದು."

ಪಾಸಿಟಿವ್ ಅಂತಲೂ ಬೇಡ. ಪ್ಯಾರಾಸೈಟ್ ಸತ್ತ ಮೇಲೂ ಪಿಗ್ಮೆಂಟ್ ಉಳೀತದೆ. ನ್ಯೂಟ್ರೋಫಿಲ್ಲಿನಿಂದ ಮೂರು-ನಾಲ್ಕು ದಿನದಲ್ಲಿ ಹೋಗ್ತದೆ, ಮಾನೊಸೈಟಲ್ಲಿ ವಾರ ದಾಟಿ ಇರ್ತದೆ. ನಿಮ್ಮ ಎಣಿಕೆಯಲ್ಲೇ ಗಡಿಯಾರ ಇದೆ ನೋಡಿ: ಮಾನೊಸೈಟಲ್ಲಿ ಜಾಸ್ತಿ, ನ್ಯೂಟ್ರೋಫಿಲಲ್ಲಿ ಒಂದೇ ಒಂದು. ಪ್ಯಾರಾಸೈಟ್ ತುಂಬಿದ ರಕ್ತಕಣ ಒಡೆಯೋ ದೊಡ್ಡ ಸ್ಫೋಟ ಎಲ್ಲ ಕೆಲವು ದಿನದ ಹಿಂದೆ ಆಗಿ ಮುಗಿದಿದೆ. ಹೊಸದಾಗಿ ಒಡೀತಾ ಇದ್ದಿದ್ರೆ ನ್ಯೂಟ್ರೋಫಿಲ್ಲೂ ತುಂಬಿರ್ತಿತ್ತು.

ಡಾಕ್ಟರ್_ಜೋಗ
ಪ್ಯಾಥ್ ಹೇಳಿದ್ದಕ್ಕೆ ಕಿಟ್ಟೂ ತಾಳೆ ಆಗ್ತದೆ. ಪಿಎಫ್ ಗೆರೆ ಹಿಡಿಯೋದು ಎಚ್‌ಆರ್‌ಪಿ-2 ಪ್ರೋಟೀನನ್ನ, ಅದು ಪ್ಯಾರಾಸೈಟ್ ಸತ್ತ ಮೇಲೂ ವಾರಗಟ್ಟಲೆ ರಕ್ತದಲ್ಲಿ ಇರ್ತದೆ. ಪ್ಯಾನ್ ಗೆರೆ ಹಿಡಿಯೋದು ಎಲ್‌ಡಿಎಚ್, ಅದು ಬದುಕಿರುವ ಪ್ಯಾರಾಸೈಟಿನ ಕಿಣ್ವ, ಬೇಗ ಮಾಯ. ಪಿಎಫ್ ಇದೆ, ಪ್ಯಾನ್ ಇಲ್ಲ ಅಂದ್ರೆ ಫಾಲ್ಸಿಪಾರಂ ಬಂದು ಹೋಗಿದೆ, ಇಲ್ಲವೇ ಕಿಟ್ಟಿಗೆ ಸಿಗದಷ್ಟು ಕಮ್ಮಿ ಉಳಿದಿದೆ.

ಆದ್ರೆ "ಎಂಜಲೆಲೆ ಅಷ್ಟೇ" ಅನ್ನೋ ಮಾತನ್ನ ಫಾಲ್ಸಿಪಾರಮ್ಮಿಗಂತೂ ಹೇಳ್ಲೇಬೇಡಿ. ಅದರ ರಿಂಗ್ ಹಂತದಲ್ಲಿ ಕಣ್ಣಿಗೆ ಕಾಣುವ ಪಿಗ್ಮೆಂಟ್ ಇರಲ್ಲ. ಪಿಗ್ಮೆಂಟ್ ಬರುವ ಹೊತ್ತಿಗೆ ಆ ರಕ್ತಕಣ ಮಿದುಳು, ಮೂತ್ರಪಿಂಡ, ಕರುಳಿನ ಸಣ್ಣ ನಾಳಗಳ ಗೋಡೆಗೆ ಅಂಟಿ ಕೂತಿರ್ತದೆ, ಬೆರಳು ಚುಚ್ಚಿದ ರಕ್ತಕ್ಕೆ ಬರೋದೇ ಇಲ್ಲ. ಹಾಗಾಗಿ ಬೆರಳಿನ ರಕ್ತದಲ್ಲಿ ಪ್ಯಾರಾಸೈಟ್ ನಾಲ್ಕೇ ಇದ್ರೂ ಒಳಗೆ ಎಷ್ಟು ಅಡಗಿದೆ ಅಂತ ಹೇಳೋದು ಈ ಎಂಜಲೇ. ತೀವ್ರ ಮಲೇರಿಯಾದಲ್ಲಿ ನ್ಯೂಟ್ರೋಫಿಲ್ಲುಗಳ ಶೇ. 5ಕ್ಕಿಂತ ಹೆಚ್ಚಿನದರಲ್ಲಿ ಪಿಗ್ಮೆಂಟ್ ಇದ್ರೆ ಕೆಟ್ಟ ಲಕ್ಷಣ. ಹಾಗೇ ಕಂಡ ಪ್ಯಾರಾಸೈಟುಗಳಲ್ಲಿ ಶೇ. 20ಕ್ಕಿಂತ ಹೆಚ್ಚು ಪಿಗ್ಮೆಂಟ್ ತುಂಬಿದ ಬಲಿತವು ಆಗಿದ್ರೂ ಕೆಟ್ಟದ್ದೇ. ಅಂಥವರಿಗೆ ಮಾತ್ರೆ ಅಲ್ಲ, ಆರ್ಟಿಸುನೇಟ್ ಇಂಜೆಕ್ಷನ್: ಕಿಲೋಗೆ 2.4 ಮಿ.ಗ್ರಾಂ, 0, 12, 24 ಗಂಟೆಗೆ, ಆಮೇಲೆ ದಿನಕ್ಕೊಂದು. 20 ಕಿಲೋಗಿಂತ ಕಮ್ಮಿ ಇರುವ ಮಕ್ಕಳಿಗೆ ಕಿಲೋಗೆ 3.

ಇವರದ್ದು ಶೇ. 1, ನಡೆದುಕೊಂಡು ಬಂದಿದ್ದಾರೆ. ಗಾಬರಿ ಬೇಡ. ಬಿಟ್ಟು ಕಳಿಸೋದೂ ಬೇಡ.

ಅಡಿಕೆಮರ
ಸರಿ, ಫಾಲ್ಸಿಪಾರಮ್ಮಿಗೆ ಒಪ್ಪಿದೆ. ಆದ್ರೂ ಅದು ಕಸ ಅನ್ನೋದು ಸುಳ್ಳಾಗಲ್ಲ.

ಚೊಗರು
ಕಸ ಅಲ್ಲ ಸ್ವಾಮಿ, ವಿಷವನ್ನ ಗಟ್ಟಿ ಮಾಡಿ ಇಟ್ಟ ಉಗ್ರಾಣ. ಲೆಕ್ಕ ನೋಡಿ. ಪ್ಯಾರಾಸೈಟ್ ತಾನು ಕೂತ ರಕ್ತಕಣದ ಹಿಮೋಗ್ಲೋಬಿನ್ನಿನ ಬಹುಪಾಲನ್ನ ತಿಂದು ಹಾಕ್ತದೆ, ಶೇ. 60ರಿಂದ 80. ಪ್ರೋಟೀನ್ ಭಾಗ ಅದಕ್ಕೆ ಊಟ. ಆದ್ರೆ ಒಂದೊಂದು ಹಿಮೋಗ್ಲೋಬಿನ್ನಿಗೂ ನಾಲ್ಕು ಹೀಮ್ (ಕಬ್ಬಿಣ ಹಿಡಿದ ಉಂಗುರ). ಬಿಡಿ ಹೀಮ್ ಅಂದ್ರೆ ಪೊರೆ ತೂತು ಮಾಡುವ, ಪ್ರೋಟೀನ್ ಕೆಡಿಸುವ ಪದಾರ್ಥ. ನಮ್ಮ ದೇಹ ಅದನ್ನ ಹೀಮ್ ಆಕ್ಸಿಜನೇಸ್ ಕಿಣ್ವದಿಂದ ಒಡೀತದೆ. ಪ್ಯಾರಾಸೈಟಿಗೆ ಆ ದಾರಿ ಇಲ್ಲ. ಅದಕ್ಕೇ ತನ್ನ ಜೀರ್ಣ ಕೋಶದೊಳಗೆ, ಪಿಎಚ್ 5ರ ಆಸುಪಾಸಿನ ಹುಳಿಯಲ್ಲಿ, ಎರಡೆರಡು ಹೀಮನ್ನ ಬೆನ್ನಿಗೆ ಬೆನ್ನು ಜೋಡಿಸ್ತದೆ. ಒಂದರ ಕಬ್ಬಿಣ ಇನ್ನೊಂದರ ಆಮ್ಲದ ತುದಿ ಹಿಡೀತದೆ, ಇದರದ್ದು ಅದು. ಆ ಜೋಡಿಗಳು ಸಾಲು ಹಿಡಿದು ಹರಳು. ಉದ್ದ ಒಂದು ಮೈಕ್ರಾನಿನ ಒಳಗೇ, ಆಕಾರ ಇಟ್ಟಿಗೆ.

ತುಂಬ ದಿನ ಇದನ್ನ ಉದ್ದ ಸರಪಳಿಯ ಪಾಲಿಮರ್ ಅಂತಲೇ ಬರೀತಿದ್ರು. 2000ನೇ ಇಸವಿಯಲ್ಲಿ ಎಕ್ಸ್‌ರೇ ಪುಡಿ ವಿವರ್ತನೆಯಿಂದ ಜೋಡಿ ಜೋಡಿ ಅಂತ ಖಾತ್ರಿ ಆಯ್ತು. ಹಳೇ ನೋಟ್ಸ್ ಇಟ್ಕೊಂಡವರು ತಿದ್ಕೊಳ್ಳಿ.

ಕೊಡಚಾದ್ರಿ78
ಔಷಧಿಗೆ ಇದರ ಸಂಬಂಧ ಇಲ್ಲೇ ಬರೋದಲ್ವಾ? ಕ್ಲೋರೋಕ್ವಿನ್ ಈ ಹರಳು ಕಟ್ಟೋದನ್ನೇ ನಿಲ್ಲಿಸೋದು ಅಂತ.

ಚೊಗರು
ಹೌದು. ಕ್ಲೋರೋಕ್ವಿನ್ ದುರ್ಬಲ ಕ್ಷಾರ. ರಕ್ತದ ಪಿಎಚ್ 7.4ರಲ್ಲಿ ಪೊರೆ ದಾಟಿ ಒಳಗೆ ಹೋಗ್ತದೆ, ಹುಳಿ ಕೋಶದಲ್ಲಿ ಎರಡು ಪ್ರೋಟಾನ್ ಹಿಡಿದು ಮೈಗೆ ಚಾರ್ಜ್ ಹತ್ತಿ ಹೊರಗೆ ಬರೋಕಾಗಲ್ಲ. ಕಂಬಳಕ್ಕೆ ಒಳಗೆ ಬಿಟ್ಟು ಗೇಟ್ ಹಾಕಿದ ಹಾಗೆ. ಅಲ್ಲಿ ಸಾವಿರಾರು ಪಟ್ಟು ತುಂಬಿ, ಬಿಡಿ ಹೀಮಿಗೂ ಅಂಟ್ತದೆ, ಬೆಳೀತಿರುವ ಹರಳಿನ ಮುಖಕ್ಕೂ ಅಂಟ್ತದೆ. ಹರಳು ನಿಲ್ತದೆ, ಹೀಮ್ ಏರ್ತದೆ, ಪ್ಯಾರಾಸೈಟ್ ತನ್ನ ಊಟದ ವಿಷಕ್ಕೇ ಸಾಯ್ತದೆ.

ನಿರೋಧ ಬಂದದ್ದೂ ಹರಳಲ್ಲಿ ಅಲ್ಲ, ಗೇಟಲ್ಲಿ. ಜೀರ್ಣ ಕೋಶದ ಪೊರೆಯ ಪಿಎಫ್‌ಸಿಆರ್‌ಟಿ ಅನ್ನೋ ಪ್ರೋಟೀನಿನ 76ನೇ ಜಾಗದಲ್ಲಿ ಲೈಸೀನ್ ಹೋಗಿ ಥ್ರಿಯೋನಿನ್ ಬಂತು, ಔಷಧಿ ಹೊರಗೆ ಸೋರೋಕೆ ಶುರು. ನಮ್ಮ ದೇಶದಲ್ಲಿ ಮೊದಲು ಕಂಡದ್ದು 1973ರಲ್ಲಿ, ಅಸ್ಸಾಮಲ್ಲಿ. ಹರಳಿನ ರಸಾಯನ ಇವತ್ತಿಗೂ ಬದಲಾಗಿಲ್ಲ, ಅದು ಜೀನಿನ ಕೈಯಲ್ಲಿ ಇಲ್ಲ. ಈ ಗುರಿಯನ್ನ ಈಗಲೂ ಜನ ಬಿಡದೆ ಹಿಡಿದಿರೋದು ಅದಕ್ಕೇ.

ಮಸೂರ
ಕಂಬಳಕ್ಕೆ ಗೇಟ್ ಹಾಕ್ತಾರಾ? ಕರಾವಳಿಯವರು ನೋಡಿದ್ರೆ ಜಗಳಕ್ಕೆ ಬರ್ತಾರೆ.

ಚೊಗರು
ಕೊಟ್ಟಿಗೆ ಅಂತ ಓದ್ಕೊಳ್ಳಿ.

ಫೀಲ್ಡ್_ಹೊಸನಗರ
ಫೀಲ್ಡಲ್ಲಿ ದಿನಾ ಎದುರಾಗುವ ಪ್ರಶ್ನೆ: ಪಿವಿ (ವೈವಾಕ್ಸ್ ಮಲೇರಿಯಾ) ಬಂದವರಿಗೆ ಕ್ಲೋರೋಕ್ವಿನ್ ಮೂರು ದಿನ ಮುಗಿದು ಜ್ವರ ಹೋದ್ರೆ, ಇನ್ನು 14 ದಿನದ ಪ್ರೈಮಾಕ್ವಿನ್ ಯಾಕೆ ಅಂತ. ಪಿಗ್ಮೆಂಟ್ ಲೆಕ್ಕದಲ್ಲಿ ಹೇಳೋಕಾಗ್ತದಾ?

ಡಾಕ್ಟರ್_ಜೋಗ
ಚೆನ್ನಾಗಿಯೇ ಹೇಳಬಹುದು. ವೈವಾಕ್ಸ್ ಪಿತ್ತಜನಕಾಂಗದಲ್ಲಿ ಮಲಗಿರ್ತದೆ. ಅಲ್ಲಿ ಹಿಮೋಗ್ಲೋಬಿನ್ ಊಟ ಇಲ್ಲ, ಹೀಮ್ ಇಲ್ಲ, ಹರಳು ಇಲ್ಲ. ಹರಳನ್ನ ನಂಬಿಕೊಂಡ ಕ್ಲೋರೋಕ್ವಿನ್ನಿಗೆ ಅಲ್ಲಿ ಕೆಲಸವೇ ಇಲ್ಲ. ತಿಂಗಳುಗಳ ಮೇಲೆ ಎದ್ದು ಬಂದಾಗ ಜನ "ಮತ್ತೆ ಸೊಳ್ಳೆ ಕಚ್ತು" ಅಂತಾರೆ.

ವಯಸ್ಕರಿಗೆ ಕ್ಲೋರೋಕ್ವಿನ್ 4, 4, 2 ಮಾತ್ರೆ (250 ಮಿ.ಗ್ರಾಂ ಮಾತ್ರೆಯಲ್ಲಿ ಬೇಸ್ 150), ಅಂದ್ರೆ ಕಿಲೋಗೆ 10, 10, 5. ಪ್ರೈಮಾಕ್ವಿನ್ ದಿನಕ್ಕೆ ಕಿಲೋಗೆ 0.25, ವಯಸ್ಕರಿಗೆ 15 ಮಿ.ಗ್ರಾಂ, 14 ದಿನ. ಊಟ ಆದ ಮೇಲೇ ಕೊಡಿ, ಖಾಲಿ ಹೊಟ್ಟೆಗೆ ಹೊಟ್ಟೆನೋವು ಬಂದು ನಾಲ್ಕನೇ ದಿನಕ್ಕೆ ಬಿಡ್ತಾರೆ. ಗರ್ಭಿಣಿಯರಿಗೆ, ಒಂದು ವರ್ಷದೊಳಗಿನ ಮಗುವಿಗೆ, ಜಿ6ಪಿಡಿ ಕಿಣ್ವದ ಕೊರತೆ ಇರುವವರಿಗೆ ಕೊಡುವಂತಿಲ್ಲ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ರೆ ಅವತ್ತೇ ನಿಲ್ಲಿಸಿ ಕಳಿಸಿ.

ಕೊಡಚಾದ್ರಿ78
ಆ ಕಪ್ಪು ಮೂತ್ರ ಹೀಮೊಜೋಯಿನ್ನೇ ಅಲ್ವಾ? ಕಪ್ಪುನೀರು ಜ್ವರ ಅಂತ ಹೇಳ್ತಾರಲ್ಲ.

ಪ್ಯಾಥ್_ಶಿಮೊಗ್ಗ
ಅಲ್ಲ. ಈ ಗೊಂದಲ ತುಂಬ ಜನಕ್ಕಿದೆ. ಅದು ರಕ್ತಕಣ ಒಡೆದು ಮೂತ್ರಕ್ಕೆ ಸೋರಿದ ಹಿಮೋಗ್ಲೋಬಿನ್, ನೀರಲ್ಲಿ ಕರಗಿದ್ದು. ಹೀಮೊಜೋಯಿನ್ ನೀರಲ್ಲಿ ಕರಗಲ್ಲ, ಮೂತ್ರಕ್ಕೆ ಬಣ್ಣ ಕೊಡೋದೂ ಇಲ್ಲ. ಅದು ಸೇರೋದು ಗುಲ್ಮ, ಪಿತ್ತಜನಕಾಂಗ, ಮಜ್ಜೆಯ ಮ್ಯಾಕ್ರೋಫೇಜುಗಳಿಗೆ (ಕಸ ನುಂಗುವ ಕೋಶ). ಹಳಬರು ಜ್ವರಗೆಡ್ಡೆ ಅಂತಿದ್ದ ಊದಿದ ಗುಲ್ಮವನ್ನ ಕೊಯ್ದು ನೋಡಿದ್ರೆ ಸ್ಲೇಟಿನ ಬಣ್ಣ.

ಪಿಗ್ಮೆಂಟಲ್ಲಿ ಕಬ್ಬಿಣ ಇದ್ರೂ ಪರ್ಲ್ಸ್ ಪ್ರಷ್ಯನ್ ಬ್ಲೂ (ಕಬ್ಬಿಣ ಹುಡುಕುವ ಬಣ್ಣ) ಹಾಕಿದ್ರೆ ನೀಲಿ ಬರಲ್ಲ. ಕಬ್ಬಿಣ ಪಾರ್ಫಿರಿನ್ ಉಂಗುರದೊಳಗೆ ಬೀಗ ಹಾಕಿದ ಹಾಗಿದೆ. ನೀಲಿ ಬಂದ್ರೆ ಅದು ಹೀಮೊಸಿಡರಿನ್ (ದೇಹ ಕೂಡಿಟ್ಟ ಕಬ್ಬಿಣದ ಕಣ).

ಅಂಗಾಂಶದ ಸ್ಲೈಡಲ್ಲಿ ದೊಡ್ಡ ಮೋಸಗಾರ ಫಾರ್ಮಲಿನ್ ಪಿಗ್ಮೆಂಟ್. ಬಫರ್ ಹಾಕದ ಫಾರ್ಮಲಿನ್ ಹಳತಾದಷ್ಟೂ ಹುಳಿ ಆಗ್ತದೆ, ರಕ್ತ ಇರುವ ಅಂಗಾಂಶದಲ್ಲಿ ಕಂದು ಹರಳು ಕಟ್ತದೆ, ಪೋಲರೈಸರಲ್ಲಿ ಅದೂ ಹೊಳೀತದೆ. ಎರಡೂ ಹೀಮಿನ ಮಕ್ಕಳೇ. ವ್ಯತ್ಯಾಸ ಜಾಗದಲ್ಲಿ: ಫಾರ್ಮಲಿನ್ನಿನದ್ದು ಕೋಶದ ಲೆಕ್ಕ ಇಲ್ಲದೆ ಮೇಲೆ ಚೆಲ್ಲಿರ್ತದೆ, ಮಲೇರಿಯಾದ್ದು ಕೆಂಪು ಕಣದೊಳಗೆ ಅಥವಾ ಮ್ಯಾಕ್ರೋಫೇಜಿನೊಳಗೆ. ಪಿಕ್ರಿಕ್ ಆಮ್ಲದ ಆಲ್ಕೊಹಾಲ್ ದ್ರಾವಣದಲ್ಲಿ ಫಾರ್ಮಲಿನ್ ಪಿಗ್ಮೆಂಟ್ ಬೇಗ ಹೋಗ್ತದೆ, ಮಲೇರಿಯಾದ್ದು ಹಠ ಮಾಡ್ತದೆ. ಅದಕ್ಕಿಂತ ಸುಲಭ, ಮೊದಲೇ ಪಿಎಚ್ 7ರ ಬಫರ್ ಫಾರ್ಮಲಿನ್ ಬಳಸೋದು.

ಗೋಡಾಕ್ಟ್ರು
ಪಶುವೈದ್ಯರ ಕಡೆಯಿಂದ ಒಂದು. ನಮ್ಮ ಕಡೆ ನಾಯಿ, ದನದ ಲೇಪದಲ್ಲಿ ರಿಂಗ್ ಸಿಗೋದು ಉಣ್ಣಿಯಿಂದ ಬರುವ ಬೆಬೀಸಿಯಾ, ಥೈಲೀರಿಯಾ. ನೋಡೋಕೆ ಫಾಲ್ಸಿಪಾರಂ ರಿಂಗಿನ ತಮ್ಮ. ಆದ್ರೆ ಇವೆರಡೂ ಪಿಗ್ಮೆಂಟ್ ಮಾಡೋದೇ ಇಲ್ಲ, ಎಷ್ಟೇ ಬಲಿತರೂ. ಮನುಷ್ಯರ ಸ್ಲೈಡಲ್ಲೂ ತುಂಬ ರಿಂಗ್ ಇದ್ದು ಎಲ್ಲೂ ಪಿಗ್ಮೆಂಟ್ ಇಲ್ಲ ಅಂದ್ರೆ ಒಂದು ಸಲ ಬೆಬೀಸಿಯಾ ಅಂತ ಯೋಚನೆ ಮಾಡೋದು ತಪ್ಪಲ್ಲ.

ಹಕ್ಕಿಗಳಲ್ಲೂ ಇದೇ ಆಟ. ಪಾರಿವಾಳದ ಹೀಮೊಪ್ರೋಟಿಯಸ್ ಪಿಗ್ಮೆಂಟ್ ಮಾಡ್ತದೆ, ಲ್ಯೂಕೊಸೈಟೊಝೂನ್ ಮಾಡಲ್ಲ.

ಫೀಲ್ಡ್_ಹೊಸನಗರ
ಉಣ್ಣಿ ಅಂದ ತಕ್ಷಣ ಮಂಗನ ಕಾಯಿಲೆ ನೆನಪಾಗ್ತದೆ. ಜನವರಿಯಿಂದ ಮೇ ತನಕ ಜ್ವರ ಅಂದ್ರೆ ಎಲ್ಲರೂ ಅದನ್ನೇ ಹುಡುಕೋದು, ಮಲೇರಿಯಾ ಲೇಪ ಮರೆತೇ ಹೋಗ್ತದೆ.

ಡಾಕ್ಟರ್_ಜೋಗ
ಎರಡಕ್ಕೂ ಪ್ಲೇಟ್‌ಲೆಟ್ ಇಳೀತದೆ, ಅದೇ ತೊಂದರೆ. ಮಂಗನ ಕಾಯಿಲೆ 1957ರಿಂದ ಸೊರಬದ ಕ್ಯಾಸನೂರಿನ ಹೆಸರಲ್ಲಿ ಇದೆ. ಮಲೇರಿಯಾ ಮಲೆನಾಡಿಗೆ ಅದಕ್ಕಿಂತ ತುಂಬ ಹಳೇ ನೆಂಟ, ಡಿಡಿಟಿ ಬರುವ ಮೊದಲು ಗುಡ್ಡದ ಹಳ್ಳಗಳಲ್ಲಿ ಹುಟ್ಟುವ ಫ್ಲೂವಿಯಾಟಿಲಿಸ್ ಸೊಳ್ಳೆಯ ರಾಜ್ಯ ಇದು. ಈಗ ಬರೋದು ಹೆಚ್ಚಾಗಿ ಬಸ್ಸಲ್ಲಿ. ಜ್ವರದವರ ಹತ್ರ "ಕಾಡಿಗೆ ಹೋಗಿದ್ರಾ" ಅಂತ ಕೇಳಿದ ಮೇಲೆ "ಘಟ್ಟ ಇಳಿದಿದ್ರಾ" ಅಂತಲೂ ಕೇಳಿ.

ಮಸೂರ
ಪ್ಯಾಥ್ ಪೋಲರೈಸರ್ ಅಂದ್ರು, ಅದನ್ನ ಬಿಡಿಸಿ ಹೇಳ್ತೇನೆ. ದೊಡ್ಡ ಖರ್ಚಿಲ್ಲ. ಪೋಲರೈಸಿಂಗ್ ಹಾಳೆಯ ಎರಡು ತುಂಡು ಸಾಕು, ಕೆಟ್ಟ ಕ್ಯಾಲ್ಕುಲೇಟರ್ ಪರದೆಯ ಮೇಲಿನ ಹಾಳೆಯೂ ಆಗ್ತದೆ. ಒಂದನ್ನ ಕಂಡೆನ್ಸರಿನ ಕೆಳಗೆ ಫಿಲ್ಟರ್ ಇಡುವ ಜಾಗದಲ್ಲಿ ಇಡಿ. ಇನ್ನೊಂದನ್ನ ಐಪೀಸ್ ಮೇಲೆ ಇಟ್ಟು, ಫೀಲ್ಡ್ ಪೂರ್ತಿ ಕಪ್ಪಾಗುವ ತನಕ ತಿರುಗಿಸಿ. ಬೆಳಕು ಪೂರ್ತಿ ಏರಿಸಿ. ಹೀಮೊಜೋಯಿನ್ ಕಣ ಕತ್ತಲಲ್ಲಿ ಮಿಣುಕುಹುಳದ ಹಾಗೆ ಹೊಳೀತದೆ. ಸ್ಲೈಡನ್ನ ಕೈಯಲ್ಲೇ ನಿಧಾನ ತಿರುಗಿಸಿದ್ರೆ ಒಂದೊಂದು ಹರಳೂ 90 ಡಿಗ್ರಿಗೊಮ್ಮೆ ಆರಿ ಮತ್ತೆ ಹತ್ತಿಕೊಳ್ತದೆ. ಜಿಮ್ಸಾ ಕಸ ಹಾಗೆ ಮಾಡಲ್ಲ.

ತಪ್ಪಾಗೋದು ಎಲ್ಲಿ ಅಂದ್ರೆ ಗ್ಲೌಸಿನ ಪುಡಿ, ಹತ್ತಿಯ ಎಳೆ, ಧೂಳು, ಇವೂ ಹೊಳೀತವೆ. ಪೌಡರ್ ಇಲ್ಲದ ಗ್ಲೌಸ್ ಹಾಕಿ. ಫೀಲ್ಡ್ ಪೂರ್ತಿ ಕಪ್ಪಾಗದೆ ಬೂದು ಉಳಿದ್ರೆ ಮಧ್ಯೆ ಪ್ಲಾಸ್ಟಿಕ್ ಏನಾದ್ರೂ ಇದೆ. ಇನ್ನೊಂದು: ರಿಂಗ್ ಹಂತದಲ್ಲಿ ಏನೂ ಹೊಳೆಯಲ್ಲ. ಹೊಳೀಲಿಲ್ಲ ಅಂದ್ರೆ ಮಲೇರಿಯಾ ಇಲ್ಲ ಅಂತ ಬರೀಬೇಡಿ ದಯವಿಟ್ಟು.

ತುಂಗಾ_ಸ್ಲೈಡ್
ಹಾಗಾದ್ರೆ ನಮ್ಮ ಸೆಲ್ ಕೌಂಟರ್ ಇದೇ ರೋಗಿಗೆ ಇಯೊಸಿನೊಫಿಲ್ (ಮತ್ತೊಂದು ಬಗೆಯ ಬಿಳಿ ಕಣ) ಮೇಲೆ ಫ್ಲ್ಯಾಗ್ ಹಾಕಿದ್ದೂ ಇದಕ್ಕೇನಾ? ಕೈಲಿ ಎಣಿಸಿದ್ರೆ ಇಯೊಸಿನೊಫಿಲ್ ನಾರ್ಮಲ್.

ಮಸೂರ
ಇರಬಹುದು. ಕೆಲವು ಮಷೀನುಗಳು ಇಯೊಸಿನೊಫಿಲನ್ನ ಗುರುತಿಸೋದೇ ಅದರ ಕಣಗಳು ಬೆಳಕಿನ ಧ್ರುವೀಕರಣ ಕೆಡಿಸ್ತವೆ ಅಂತ. ಹೀಮೊಜೋಯಿನ್ ನುಂಗಿದ ಮಾನೊಸೈಟೂ ಅದನ್ನೇ ಮಾಡ್ತದೆ. ಸೆಲ್-ಡೈನ್ ಮಷೀನಲ್ಲಿ ಇದು 1990ರ ದಶಕದಲ್ಲೇ ಗಮನಕ್ಕೆ ಬಂದು, ಮಲೇರಿಯಾ ಕೇಳದೇ ಇದ್ದ ರೋಗಿಗಳಲ್ಲೂ ಗ್ರಾಫ್ ನೋಡಿ ಮಲೇರಿಯಾ ಹಿಡಿದರು. ನಿಮ್ಮ ಮಷೀನಿನ ತತ್ತ್ವ ಬೇರೆ ಇರಬಹುದು, ಮ್ಯಾನುಯಲ್ ನೋಡಿ. ಗ್ರಾಫಲ್ಲಿ ಇಯೊಸಿನೊಫಿಲ್ ಚುಕ್ಕಿಗಳು ವಿಚಿತ್ರ ಜಾಗದಲ್ಲಿ ಇದ್ದು, ಕೈ ಎಣಿಕೆ ತಾಳೆ ಆಗದೆ, ಪ್ಲೇಟ್‌ಲೆಟ್ಟೂ ಕಮ್ಮಿ ಇದ್ರೆ ಯಾರೂ ಕೇಳದಿದ್ರೂ ಒಂದು ದಪ್ಪ ಲೇಪ ಹಾಕಿ.

ನೆಲಬೇವು
ಇಷ್ಟೆಲ್ಲ ಓದಿದ ಮೇಲೆ ಕೇಳ್ತೇನೆ. ನಮ್ಮ ಕಾಡಿನ ಕಹಿ ಸೊಪ್ಪುಗಳ ಸಾರ ಈ ಹರಳು ತಡೀತದಾ ಅಂತ ಕಾಲೇಜು ಲ್ಯಾಬಲ್ಲೇ ನೋಡಬಹುದಲ್ಲ? ಬೀಟಾ-ಹೆಮಾಟಿನ್ (ಲ್ಯಾಬಲ್ಲಿ ಕಟ್ಟುವ ಇದೇ ಹರಳು) ಪರೀಕ್ಷೆಗೆ ರೋಗಿಯ ರಕ್ತವೂ ಬೇಡ.

ಚೊಗರು
ಮಾಡಬಹುದು, ಮಾಡಿ ಮೋಸವೂ ಹೋಗಬಹುದು. ಕ್ರಮ ಹೀಗೆ: ಹೆಮಿನ್ ಕ್ಲೋರೈಡನ್ನ (ಹೀಮಿನ ಪುಡಿ) ದ್ರಾವಕ ಡಿಎಂಎಸ್‌ಒದಲ್ಲಿ ಕರಗಿಸಿ, ಪಿಎಚ್ 5ರ ಅಸಿಟೇಟ್ ಬಫರಿಗೆ ಸೇರಿಸಿ, ಪರೀಕ್ಷೆಯ ಪದಾರ್ಥ ಹಾಕಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಡೋದು. ಬೆಳಿಗ್ಗೆ ಸೆಂಟ್ರಿಫ್ಯೂಜ್. ಕೆಳಗೆ ಕೂತದ್ದನ್ನ ಡಿಎಂಎಸ್‌ಒದಲ್ಲಿ ಎರಡು-ಮೂರು ಸಲ ತೊಳೆಯೋದು, ಬಿಡಿ ಹೀಮ್ ಹೋಗಿ ಹರಳು ಮಾತ್ರ ಉಳೀತದೆ. ಅದನ್ನ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಲ್ಲಿ ಕರಗಿಸಿ 405 ನ್ಯಾನೊಮೀಟರಲ್ಲಿ ಓದೋದು. ಒಂದು ಟ್ಯೂಬಿಗೆ ಕ್ಲೋರೋಕ್ವಿನ್, ಒಂದಕ್ಕೆ ಬರೀ ದ್ರಾವಕ, ಇದು ಕಡ್ಡಾಯ.

ಮೋಸ ಎಲ್ಲಿ? ಸೊಪ್ಪಿನ ಸಾರಕ್ಕೇ ಬಣ್ಣ ಇದೆ, 405ರಲ್ಲಿ ಅದೂ ಬೆಳಕು ನುಂಗ್ತದೆ. ಅದಕ್ಕೆ ಹೀಮ್ ಇಲ್ಲದ, ಸಾರ ಮಾತ್ರ ಇರುವ ಟ್ಯೂಬ್ ಬೇಕು. ಎರಡನೇ ಮೋಸ ಟ್ಯಾನಿನ್. ಅದು ಕಬ್ಬಿಣ ಕಂಡಲ್ಲಿ ಅಂಟ್ತದೆ. ನಿಮ್ಮ ಟ್ಯೂಬಿಗೆ ನನ್ನ ಚೊಗರು ಸುರಿದ್ರೂ "ಹರಳು ತಡೆಯಿತು" ಅಂತ ಬರಬಹುದು. ಹಾಗಂತ ಮಲೇರಿಯಾಕ್ಕೆ ಅಡಿಕೆ ತಿನ್ನಿ ಅನ್ನೋಕಾಗ್ತದಾ? ಟ್ಯೂಬಲ್ಲಿ ತಡೆಯೋದು ಒಂದು ಮಾತು. ಕರುಳಿಂದ ರಕ್ತಕ್ಕೆ, ರಕ್ತಕಣದೊಳಗೆ, ಪ್ಯಾರಾಸೈಟಿನೊಳಗೆ, ಅದರ ಜೀರ್ಣ ಕೋಶದೊಳಗೆ ಹೋಗಿ ತುಂಬೋದು ಬೇರೆ ಮಾತು.

ನೆಲಬೇವು
ಮಲೇರಿಯಾ ಔಷಧಿ ಆರ್ಟಿಮಿಸಿನಿನ್ ಬಂದದ್ದೂ ಸೊಪ್ಪಿಂದಲೇ ಅಲ್ವಾ ಸಾರ್.

ಚೊಗರು
ಸೊಪ್ಪಿಂದಲೇ. ಅದನ್ನ ಕಂಡುಹಿಡಿದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ಲೂ ಬಂತು. ಆದ್ರೆ ಅದು ಹರಳು ತಡೆಯುವ ಔಷಧಿ ಅಂತ ಮುಖ್ಯವಾಗಿ ಹೇಳಲ್ಲ. ಅದರಲ್ಲಿ ಎರಡು ಆಮ್ಲಜನಕದ ಸೇತುವೆ ಇದೆ, ಹೀಮಿನ ಕಬ್ಬಿಣ ತಾಗಿದ್ರೆ ಸೇತುವೆ ಮುರಿದು ಸಿಕ್ಕ ಪ್ರೋಟೀನಿಗೆಲ್ಲ ಅಂಟಿ ಸುಡ್ತದೆ. ಹೀಮ್ ಇಲ್ಲಿ ಗುರಿಗಿಂತ ಹೆಚ್ಚಾಗಿ ಬೆಂಕಿಕಡ್ಡಿ. ಕೆಲ್ಚ್13 ಜೀನಲ್ಲಿ ಬದಲಾವಣೆ ಆದ ಪ್ಯಾರಾಸೈಟ್ ರಿಂಗ್ ಹಂತದಲ್ಲಿ ಹಿಮೋಗ್ಲೋಬಿನ್ ಊಟವನ್ನೇ ಕಮ್ಮಿ ಮಾಡ್ತದೆ. ಕಡ್ಡಿ ಗೀರೋದೇ ಕಷ್ಟ.

ಅಡಿಕೆಮರ
ಜ್ವರ ಬರೋದು ಪಿಗ್ಮೆಂಟಿಂದಲೇ ಅಂತ ಓದಿದ ನೆನಪು. ರಕ್ತಕಣ ಒಡೆದಾಗ ಕಣ ಹೊರಗೆ ಬಂದು ನಡುಕ.

ಡಾಕ್ಟರ್_ಜೋಗ
ಹೊತ್ತು ಸರಿ, ಆರೋಪಿ ಒಬ್ಬನೇ ಅಲ್ಲ. ಕಣಗಳು ಒಡೆಯೋದಕ್ಕೂ ನಡುಕಕ್ಕೂ ತಾಳೆ ಇದೆ ಅಂತ 1880ರ ದಶಕದಲ್ಲೇ ಗಾಲ್ಜಿ ತೋರಿಸಿದ್ದಾರೆ, ವೈವಾಕ್ಸಿಗೆ 48 ಗಂಟೆ, ಮಲೇರಿಯೆ ಅನ್ನೋ ಜಾತಿಗೆ 72. ಒಡೆದಾಗ ಪಿಗ್ಮೆಂಟ್ ಒಂದೇ ಬರೋದಲ್ಲ, ಪ್ಯಾರಾಸೈಟಿನ ಪೊರೆಯ ಜಿಪಿಐ (ಕೊಬ್ಬಿನ ಕೊಂಡಿ), ಡಿಎನ್‌ಎ ಎಲ್ಲ ಬರ್ತವೆ. ಹೀಮೊಜೋಯಿನ್ ತಾನೇ ನಮ್ಮ ರೋಗನಿರೋಧಕ ಕೋಶದ ಗ್ರಾಹಕ ಟಿಎಲ್‌ಆರ್9 ಕೆರಳಿಸ್ತದೆ ಅಂತ 2005ರಲ್ಲಿ ಒಂದು ವಾದ ಬಂತು. ಅಲ್ಲ, ಕೆರಳಿಸೋದು ಹರಳಿಗೆ ಅಂಟಿದ ಡಿಎನ್‌ಎ, ಹರಳು ಬರೀ ಹೊತ್ತೊಯ್ಯುವ ಗಾಡಿ ಅಂತ 2007ರಲ್ಲಿ ಇನ್ನೊಂದು. ನನಗೆ ಎರಡನೆಯದೇ ಸರಿ ಕಾಣ್ತದೆ.

ಜ್ವರಕ್ಕಿಂತ ಹೆಚ್ಚು ತೂಕದ ವಿಷಯ ರಕ್ತಹೀನತೆ. ಹರಳು ನುಂಗಿದ ಮಾನೊಸೈಟಿಗೆ ಅದನ್ನ ಜೀರ್ಣಿಸೋಕಾಗಲ್ಲ. ಹರಳಿನ ಸುತ್ತ ಕೊಬ್ಬು ಕಮಟಿ 4-ಎಚ್‌ಎನ್‌ಇ ಥರದ ಪದಾರ್ಥ ಹುಟ್ತದೆ, ಆ ಕೋಶ ಮುಂದಿನದ್ದನ್ನ ನುಂಗೋದೇ ಕಮ್ಮಿ ಮಾಡ್ತದೆ, ಮಜ್ಜೆಯಲ್ಲಿ ಹೊಸ ಕೆಂಪು ಕಣ ಬೆಳೆಯೋಕೂ ಅಡ್ಡಿ. ಅದಕ್ಕೇ ಪ್ಯಾರಾಸೈಟ್ ಹೋದ ಮೇಲೂ ಹಿಮೋಗ್ಲೋಬಿನ್ ಇನ್ನೊಂದಿಷ್ಟು ಇಳಿಯೋದು. ತುಂಗಾ ಅವರ ರೋಗಿಯ 9.1 ಮುಂದಿನ ವಾರ 8.5 ಆದ್ರೆ ಆಶ್ಚರ್ಯ ಬೇಡ. ವಾರಕ್ಕೊಮ್ಮೆಯಂತೆ ಒಂದು ತಿಂಗಳು ನೋಡಿ.

ಕೊಡಚಾದ್ರಿ78
ಮಲೇರಿಯಾದ ಚರಿತ್ರೆಯೇ ಈ ಕಂದು ಕಣದ ಹಿಂದೆ ಹೋಗಿದೆ. 1847ರಲ್ಲಿ ಮೆಕೆಲ್ ಕಣ ಕಂಡಾಗ ಪ್ಯಾರಾಸೈಟ್ ಅನ್ನೋದೇ ಗೊತ್ತಿರಲಿಲ್ಲ. 1880ರ ನವೆಂಬರ್ 6ಕ್ಕೆ ಅಲ್ಜೀರಿಯಾದ ಕಾನ್ಸ್ಟಾಂಟೀನಲ್ಲಿ ಲಾವೆರಾನ್ ಪಿಗ್ಮೆಂಟ್ ಇರುವ ಗುಂಡು ಜೀವಿಯಿಂದ ಬಾಲಗಳು ಹೊರಬಿದ್ದದ್ದು ಕಂಡ್ರು. ಆಮೇಲೆ ಸಿಕಂದರಾಬಾದಲ್ಲಿ ರೊನಾಲ್ಡ್ ರಾಸ್, ಹುಸೇನ್ ಖಾನ್ ಅನ್ನೋ ರೋಗಿಯನ್ನ ಕಚ್ಚಿದ ಸೊಳ್ಳೆಗೆ ಒಂದಾಣೆ ಲೆಕ್ಕದಲ್ಲಿ ದುಡ್ಡು ಕೊಟ್ಟು, 1897ರ ಆಗಸ್ಟ್ 20ಕ್ಕೆ ಸೊಳ್ಳೆಯ ಹೊಟ್ಟೆಗೋಡೆಯಲ್ಲಿ ಗುಂಡು ಕೋಶ ಕಂಡ್ರು. ಸೊಳ್ಳೆಯದ್ದಲ್ಲ, ಮಲೇರಿಯಾದ್ದು ಅಂತ ಅವರಿಗೆ ಗೊತ್ತಾದದ್ದು ಹೇಗೆ? ಒಳಗೆ ಅದೇ ಕಪ್ಪು ಕಣ ಇತ್ತು.

ಅಡಿಕೆಮರ
ಎಂಜಲೆಲೆಯಿಂದಲೇ ನೊಬೆಲ್. ಸೋತೆ.

ಮಸೂರ
ಮಳೆಗಾಲ ಶುರು ಆಗಿದೆ, ಮುಖ್ಯವಾದದ್ದು ಒಂದು ಬಿಟ್ಟಿದ್ದೇವೆ. ಮಲೆನಾಡಿನ ಲ್ಯಾಬಲ್ಲಿ ಸುಳ್ಳು ಪಿಗ್ಮೆಂಟಿನ ದೊಡ್ಡ ಮೂಲ ಮೆಥನಾಲ್. ತೆರೆದಿಟ್ಟ ಮೆಥನಾಲ್ ಗಾಳಿಯ ತೇವ ಹೀರ್ತದೆ. ಆ ನೀರು ಸೇರಿದ ಮೆಥನಾಲಲ್ಲಿ ತೆಳು ಲೇಪ ಫಿಕ್ಸ್ ಮಾಡಿದ್ರೆ ಕೆಂಪು ಕಣದಲ್ಲಿ ಹೊಳೆಯುವ ತೂತು, ಫೋಕಸ್ ಚೂರು ಆಚೀಚೆ ಆದ್ರೆ ಕಪ್ಪು ಚುಕ್ಕಿ. ಎಲ್ಲ ಕಣದಲ್ಲೂ ಒಂದೇ ಥರ ಕಂಡ್ರೆ ಅದೇ. ದೊಡ್ಡ ಬಾಟಲಿಯಿಂದ ಅವತ್ತಿಗೆ ಬೇಕಾದಷ್ಟು ಮಾತ್ರ ಚಿಕ್ಕ ಮುಚ್ಚಳದ ಬಾಟಲಿಗೆ ಹಾಕಿ, ಸಂಜೆ ಉಳಿದದ್ದು ಚೆಲ್ಲಿ. ಜಿಮ್ಸಾ ಸ್ಟಾಕ್ ಬಾಟಲಿಗೂ ಒದ್ದೆ ಪಿಪೆಟ್ ಹಾಕ್ಬೇಡಿ.

ಜಂಬಿಟ್ಟಿಗೆ ನೆಲದ ಬಾವಿನೀರು ಹುಳಿ ಕಡೆ. ಅದರಲ್ಲೇ ಜಿಮ್ಸಾ ಕಲಸಿದ್ರೆ ಎಲ್ಲ ಗುಲಾಬಿ, ಕ್ರೊಮಾಟಿನ್ (ಪ್ಯಾರಾಸೈಟಿನ ಕೆಂಪು ಚುಕ್ಕಿ) ಮಂಕು. ಪಿಎಚ್ 7.2ರ ಬಫರೇ ಬೇಕು. ಶೇ. 3ರ ಜಿಮ್ಸಾ 45 ನಿಮಿಷ ಇಟ್ರೆ ಕಸ ಕಮ್ಮಿ, ಅವಸರಕ್ಕೆ ಶೇ. 10ರದ್ದು 10ರಿಂದ 15 ನಿಮಿಷ. ಮುಗಿದ ಮೇಲೆ ಬಣ್ಣವನ್ನ ಚೆಲ್ಲಿ ತೊಳೀಬೇಡಿ, ಬಣ್ಣ ಇರುವಾಗಲೇ ಅಂಚಿಂದ ನೀರು ಬಿಟ್ಟು ಮೇಲಿನ ಕೆನೆ ತೇಲಿಸಿ ಕಳಿಸಿ. ಇಲ್ಲದಿದ್ರೆ ಆ ಕೆನೆಯೇ ಲೇಪದ ಮೇಲೆ ಕೂತು ನಿಮ್ಮ "ಪಿಗ್ಮೆಂಟ್" ಆಗ್ತದೆ. ದಪ್ಪ ಲೇಪ ಒಣಗಲಿಲ್ಲ ಅಂತ ಬಲ್ಬಿನ ಬಿಸಿಗೆ ಹಿಡಿದ್ರೆ ರಕ್ತ ಅಲ್ಲೇ ಬೆಂದು ಫಿಕ್ಸ್ ಆಗ್ತದೆ, ಆಮೇಲೆ ಹಿಮೋಗ್ಲೋಬಿನ್ ಬಿಡೋದೇ ಇಲ್ಲ. ಫ್ಯಾನ್ ಗಾಳಿ ಸಾಕು.

ಪ್ಯಾಥ್_ಶಿಮೊಗ್ಗ
ಇಡಿಟಿಎ (ಹೆಪ್ಪು ತಡೆಯುವ ಪದಾರ್ಥ) ಟ್ಯೂಬಿನ ರಕ್ತ ಆದ್ರೆ ಒಂದು ಗಂಟೆಯೊಳಗೆ ಲೇಪ ಎಳೀರಿ. ಮಾನೊಸೈಟ್ ಹೆಚ್ಚು ಬೇಕಂದ್ರೆ ಟ್ಯೂಬ್ ಸೆಂಟ್ರಿಫ್ಯೂಜ್ ಮಾಡಿ ಮಧ್ಯದ ಬಿಳಿ ಪದರದಿಂದ ಒಂದು ಲೇಪ ಎಳೆಯಿರಿ, ಎಣಿಕೆ ಬೇಗ ಮುಗೀತದೆ.

ತುಂಗಾ_ಸ್ಲೈಡ್
ಅಪ್‌ಡೇಟ್. 18 ಗಂಟೆ ಬಿಟ್ಟು ಮತ್ತೆ ಲೇಪ ಮಾಡಿದೆ, ಬಿಳಿ ಪದರದ್ದೂ ಸೇರಿ. ರಿಂಗ್ ಇಲ್ಲ. ಬಿಳಿ ಪದರದ ಲೇಪದಲ್ಲಿ ಬಾಳೆಹಣ್ಣಿನ ಆಕಾರದ್ದು ಎರಡು, ಪಿಗ್ಮೆಂಟ್ ಮಧ್ಯದಲ್ಲಿ ಗುಂಪಾಗಿದೆ. ಪೋಲರೈಸರಲ್ಲಿ ಹೊಳೀತದೆ. ಫಾಲ್ಸಿಪಾರಂ ಗ್ಯಾಮಿಟೊಸೈಟ್ (ಸೊಳ್ಳೆಗೆ ದಾಟುವ ಗಂಡು-ಹೆಣ್ಣು ಹಂತ) ಅಂತ ಬರ್ದೆ. ಸರಿ ಅಲ್ವಾ?

ಪ್ಯಾಥ್_ಶಿಮೊಗ್ಗ
ಸರಿ. ಪಿಗ್ಮೆಂಟ್ ಮಧ್ಯದಲ್ಲಿ ಒತ್ತಾಗಿದ್ರೆ ಹೆಣ್ಣು, ಚದುರಿದ್ರೆ ಗಂಡು. ಹನ್ನೊಂದನೇ ದಿನಕ್ಕೆ ಇವು ಕಾಣೋದು ಲೆಕ್ಕಕ್ಕೂ ಕೂಡ್ತದೆ. ಈಗ ನೆಗೆಟಿವ್ ಪ್ರಶ್ನೆಯೇ ಇಲ್ಲ.

ಡಾಕ್ಟರ್_ಜೋಗ
ಚಿಕಿತ್ಸೆ ಅರ್ಧಕ್ಕೆ ನಿಂತಿದೆ, ಹಾಗಾಗಿ ಇವರನ್ನ ನೋಡುವ ವೈದ್ಯರು ಪೂರ್ತಿ ಕೋರ್ಸ್ ಕೊಡೋದೇ ಸರಿ: ಆರ್ಟಿಸುನೇಟ್ ಮೂರು ದಿನ, ಮೊದಲ ದಿನ ಸಲ್ಫಾಡಾಕ್ಸಿನ್-ಪೈರಿಮೆಥಮಿನ್, ಎರಡನೇ ದಿನ ಪ್ರೈಮಾಕ್ವಿನ್ ಒಂದೇ ಸಲ, ಕಿಲೋಗೆ 0.75, ವಯಸ್ಕರಿಗೆ 45 ಮಿ.ಗ್ರಾಂ. ಬಲಿತ ಗ್ಯಾಮಿಟೊಸೈಟ್ ಊಟ ನಿಲ್ಲಿಸಿರ್ತದೆ, ಹೊಟ್ಟೇಲಿ ಇರೋದು ಹಳೇ ಹರಳು. ಹರಳಿನ ಮೇಲೆ ಕೆಲಸ ಮಾಡುವ ಔಷಧಿ ಅದನ್ನ ಮುಟ್ಟಲ್ಲ, ಅದಕ್ಕೇ ಪ್ರೈಮಾಕ್ವಿನ್. ನುಂಗಿ ಅರ್ಧ ಗಂಟೆಯೊಳಗೆ ವಾಂತಿ ಆದ್ರೆ ಪೂರ್ತಿ ಡೋಸ್ ಮತ್ತೆ.

ಫೀಲ್ಡ್_ಹೊಸನಗರ
ಕೊನೇ ಮಾತ್ರೆ ತನಕ ಎದುರಿಗೇ ನುಂಗಿಸಿ. ಆ ಮನೆಯವರು, ಅಕ್ಕಪಕ್ಕದವರು, ಜೊತೆಗೆ ಕೆಲಸಕ್ಕೆ ಹೋದವರು, ಎಲ್ಲರ ಲೇಪ ತೆಗೀಬೇಕು. ಬಾಳೆಹಣ್ಣು ಇರುವ ರಕ್ತ ಊರಿನ ಸೊಳ್ಳೆಗೆ ಸಿಕ್ಕರೆ ಇಲ್ಲೇ ಶುರು. ನಿಮ್ಮ ಆರೋಗ್ಯ ನಿರೀಕ್ಷಕರಿಗೆ ಇವತ್ತೇ ತಿಳಿಸಿ.

ತುಂಗಾ_ಸ್ಲೈಡ್
ತಿಳಿಸಿದೆ, ನಾಳೆ ಬೆಳಿಗ್ಗೆ ಹೋಗ್ತಿದ್ದಾರೆ. ಮೆಥನಾಲ್ ಬಾಟಲಿಯನ್ನೂ ಬದಲಿಸಿದೆ, ಮುಚ್ಚಳ ಬಿರುಕು ಬಿಟ್ಟಿತ್ತು.

ಮಸೂರ
ಆ ಸ್ಲೈಡಿನ ಎಣ್ಣೆ ಒರೆಸಿ, ಬೆಳಕು ಬೀಳದ ಡಬ್ಬೀಲಿ ಸಿಲಿಕಾ ಜೆಲ್ ಜೊತೆ ಇಡಿ. ಮುಂದಿನ ಬ್ಯಾಚಿನ ಹುಡುಗರಿಗೆ ತೋರಿಸೋಕೆ ಎರಡು ಬಾಳೆಹಣ್ಣು ಮತ್ತೆ ಸಿಗಲ್ಲ.